ಹಣ್ಣಿನ ಹೂರಣದ ಪಫ್: ಮನೆಮಟ್ಟದ ತಯಾರಿಕೆ ಹಾಗೂ ಗ್ರಾಮ ಪಂಚಾಯತಿ ಸದಸ್ಯರು ತಿಳಿದಿರಬೇಕಾದ ವಿಷಯಗಳು

ಸ್ವಸಹಾಯ ಸಂಘಗಳ ಮಹಿಳೆಯರು ಕೈಗೊಳ್ಳಬಯಸುವ ಕಿರು ಉದ್ಯಮಗಳಲ್ಲಿ ಹಪ್ಪಳ, ಉಪ್ಪಿನಕಾಯಿ, ಜೋಳದ ರೊಟ್ಟಿ, ಚಟ್ನಿಪುಡಿಗಳೊಂದಿಗೆ ಈಗ ಬೇಕರಿ ತಿನಿಸುಗಳೂ ಸೇರಿವೆ. ಇಂತಹ ಪ್ರಸ್ತಾವನೆಯು ಗ್ರಾಮ ಪಂಚಾಯತಿಯ ಸಭೆಗೆ ಬಂದಾಗ ಅದರಲ್ಲಿ ಸಾಮಾನ್ಯವಾಗಿ ಓವನ್ನಿನ ಬೆಲೆ, ಸದಸ್ಯೆಯರ ಸಂಖ್ಯೆ ಮತ್ತು ಕೋರಿರುವ ಸಾಲದ ಮೊತ್ತ ಇರುತ್ತವೆ. ಆ ತಿನಿಸು ಹೇಗೆ ತಯಾರಾಗುತ್ತದೆ, ಯಾವ ಹವೆಯಲ್ಲಿ ಕೆಡುತ್ತದೆ, ಎಷ್ಟು ಗಂಟೆ ತಿನ್ನಲು ಯೋಗ್ಯವಾಗಿರುತ್ತದೆ ಎಂಬ ವಿವರಗಳು ಇರುವುದಿಲ್ಲ. ಸಾಲ ತೀರಿಸಬೇಕಾದವರು ಸಂಘದ ಮಹಿಳೆಯರೇ ಆಗಿರುವುದರಿಂದ, ಠರಾವಿಗೆ ಒಪ್ಪಿಗೆ ನೀಡುವ ಸದಸ್ಯರು ಇಷ್ಟನ್ನಾದರೂ ತಿಳಿದಿರುವುದು ಅಗತ್ಯ. ಆದ್ದರಿಂದ ಈ ಪಾಠದಲ್ಲಿ ಒಂದೇ ಒಂದು ತಿನಿಸನ್ನು, ಅಂದರೆ ಹಣ್ಣಿನ ಹೂರಣ ತುಂಬಿದ ಪಫ್ ಅನ್ನು, ಆರಂಭದಿಂದ ಕೊನೆಯವರೆಗೆ ಪರಿಶೀಲಿಸಲಾಗಿದೆ.

ಪಫ್ ನಮ್ಮ ರಾಜ್ಯದ ಜನರಿಗೆ ಅಪರಿಚಿತವಲ್ಲ. ಹಾಸನ ಜಿಲ್ಲೆಯಿಂದ ಹೊರಟ ಅಯ್ಯಂಗಾರ್ ಬೇಕರಿಗಳು ತಾಲ್ಲೂಕು ಕೇಂದ್ರಗಳವರೆಗೂ ಹರಡಿದಾಗ, ಬ್ರೆಡ್ಡು, ಖಾರಾ ಬನ್ನು ಮತ್ತು ಬೆಣ್ಣೆ ಬಿಸ್ಕತ್ತಿನ ಜೊತೆಗೆ ಆಲೂಗಡ್ಡೆ ಪಲ್ಯ ತುಂಬಿದ ಪಫ್ ಕೂಡ ಗಾಜಿನ ಪೆಟ್ಟಿಗೆಯೊಳಗೆ ಸ್ಥಾನ ಪಡೆಯಿತು. ಸಿಹಿ ಹೂರಣದ ಬೇಕರಿ ತಿನಿಸಿಗೆ ದಿಲ್‌ಪಸಂದ್ ಉತ್ತಮ ನಿದರ್ಶನ. ಅದರೊಳಗಿನ ಬಣ್ಣಬಣ್ಣದ ಟೂಟಿ ಫ್ರೂಟಿ ಎಂಬುದು ಸಕ್ಕರೆ ಪಾಕದಲ್ಲಿ ಅದ್ದಿದ ಪಪ್ಪಾಯಿ ಕಾಯಿಯ ಚೂರುಗಳು ಎಂಬುದು ಹಲವರಿಗೆ ತಿಳಿದಿರಲಾರದು. ಆದುದರಿಂದ ಅನಾನಸ್ ಅಥವಾ ಮಾವಿನ ಹೂರಣದ ಪಫ್ ತಯಾರಿಸುವುದೆಂದರೆ ಪರದೇಶದ ತಿಂಡಿಯನ್ನು ಹಳ್ಳಿಗೆ ಹೇರಿದಂತೆ ಅಲ್ಲ. ಗ್ರಾಹಕರಿಗೆ ಪರಿಚಿತವಾದ ಹೊದಿಕೆಯೊಳಗೆ ಪರಿಚಿತವಾದ ಹಣ್ಣು ಇರುತ್ತದೆ, ಅಷ್ಟೆ.

ಚಿರೋಟಿ ಬಲ್ಲವರಿಗೆ ಪಫ್ ಕಠಿಣವಲ್ಲ

ಮದುವೆಯ ಊಟದಲ್ಲಿ ಚಿರೋಟಿ ಬಡಿಸುವ ಮನೆಗಳಲ್ಲಿ ಪದರದ ವಿದ್ಯೆ ಮೊದಲೇ ಇದೆ. ತೆಳುವಾಗಿ ಲಟ್ಟಿಸಿದ ಹಾಳೆಗಳ ಮೇಲೆ ತುಪ್ಪ ಮತ್ತು ಅಕ್ಕಿಹಿಟ್ಟು ಕಲಸಿದ ಲೇಪವನ್ನು ಸವರಿ, ಒಂದರ ಮೇಲೊಂದಿಟ್ಟು ಸುತ್ತಿ, ಕತ್ತರಿಸಿ, ಮತ್ತೆ ಲಟ್ಟಿಸಿ ಕರಿದಾಗ ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಎರಡು ಹಾಳೆಗಳ ನಡುವಿನ ಜಿಡ್ಡು ಅವು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುತ್ತದೆ. ಪಫ್‌ನ ತತ್ತ್ವವೂ ಇದೇ. ವ್ಯತ್ಯಾಸಗಳು ಎರಡು. ಪಫ್‌ನಲ್ಲಿ ಜಿಡ್ಡನ್ನು ಲೇಪಿಸುವುದಿಲ್ಲ. ಗಟ್ಟಿಯಾದ ಬೆಣ್ಣೆಯ ಹಲಗೆಯನ್ನು ಕಣಕದೊಳಗೆ ಮುಚ್ಚಿ, ಲಟ್ಟಿಸಿ, ಮಡಿಸುತ್ತ ಹೋಗಲಾಗುತ್ತದೆ. ಬಳಿಕ ಅದನ್ನು ಎಣ್ಣೆಯಲ್ಲಿ ಕರಿಯದೆ ಬಿಸಿಗಾಳಿಯಲ್ಲಿ ಬೇಯಿಸಲಾಗುತ್ತದೆ.

ಪಫ್ ಉಬ್ಬುವುದಕ್ಕೆ ಯೀಸ್ಟ್ ಆಗಲಿ, ಸೋಡಾ ಆಗಲಿ ಕಾರಣವಲ್ಲ, ಕಾರಣ ನೀರು. ಕಣಕದಲ್ಲಿ ಮತ್ತು ಬೆಣ್ಣೆಯಲ್ಲಿ ಇರುವ ನೀರು ಓವನ್ನಿನ ಶಾಖಕ್ಕೆ ಆವಿಯಾಗುತ್ತದೆ. ನೀರು ಆವಿಯಾದಾಗ ಅದರ ಗಾತ್ರ ಸಾವಿರದ ಆರುನೂರು ಪಟ್ಟಿಗೂ ಹೆಚ್ಚುತ್ತದೆ. ಹೊರಹೋಗಲು ಹವಣಿಸುವ ಈ ಆವಿಯು ಪ್ರತಿಯೊಂದು ಪದರವನ್ನೂ ಮೇಲಕ್ಕೆ ಎತ್ತುತ್ತದೆ. ಅಷ್ಟರಲ್ಲಿ ಕರಗಿದ ಬೆಣ್ಣೆ ಪದರಗಳನ್ನು ಹುರಿದು ಗರಿಗರಿಯಾಗಿಸುತ್ತದೆ. ಆದರೆ ಓವನ್ನಿಗೆ ಹೋಗುವ ಮೊದಲೇ ಬೆಣ್ಣೆ ಕರಗಿ ಕಣಕದಲ್ಲಿ ಬೆರೆತುಹೋದರೆ ಪದರವೇ ಉಳಿಯುವುದಿಲ್ಲ. ಆಗ ದೊರೆಯುವುದು ಪಫ್ ಅಲ್ಲ, ದಪ್ಪನೆಯ ಬಿಸ್ಕತ್ತು. ಈ ತಿನಿಸಿನ ಎಲ್ಲ ಸೋಲುಗಳೂ ಬಹುಮಟ್ಟಿಗೆ ಎರಡು ಮೂಲಗಳಿಂದ ಹುಟ್ಟುತ್ತವೆ: ಬೆಣ್ಣೆ ಬೆಚ್ಚಗಾಗುವುದು ಮತ್ತು ಹಣ್ಣು ನೀರು ಬಿಡುವುದು. ಮುಂದಿನ ವಿವರಗಳನ್ನೆಲ್ಲ ಈ ಎರಡು ಸಂಗತಿಗಳನ್ನು ನೆನಪಿನಲ್ಲಿಟ್ಟು ಓದುವುದು ಒಳಿತು.

ಕಣಕ ಮತ್ತು ಬೆಣ್ಣೆ

ಹನ್ನೆರಡು ಪಫ್‌ಗಳಿಗೆ ಬೇಕಾಗುವ ಪ್ರಮಾಣ ಹೀಗಿದೆ: ಮೈದಾ 250 ಗ್ರಾಂ, ಉಪ್ಪು 5 ಗ್ರಾಂ, ಕಣಕಕ್ಕೆ ಬೆರೆಸಲು ಬೆಣ್ಣೆ 25 ಗ್ರಾಂ, ತಣ್ಣೀರು 125ರಿಂದ 135 ಮಿಲಿ, ನಿಂಬೆರಸ ಒಂದು ಚಹಾ ಚಮಚ; ಇವುಗಳಲ್ಲದೆ ಪದರಕ್ಕಾಗಿ ಉಪ್ಪಿಲ್ಲದ ಬೆಣ್ಣೆ 175 ಗ್ರಾಂ. ಉಪ್ಪಿರುವ ಬೆಣ್ಣೆಯನ್ನೇ ಬಳಸುವುದಾದರೆ ಕಣಕದ ಉಪ್ಪನ್ನು ಕೈಬಿಡಬೇಕು.

ಮೈದಾ, ಉಪ್ಪು ಮತ್ತು 25 ಗ್ರಾಂ ಬೆಣ್ಣೆಯನ್ನು ಬೆರಳ ತುದಿಯಿಂದ ಉದುರುದುರಾಗಿ ಬೆರೆಸಿ, ನಿಂಬೆರಸ ಸೇರಿಸಿದ ತಣ್ಣೀರನ್ನು ಸ್ವಲ್ಪಸ್ವಲ್ಪವೇ ಹಾಕಿ ಕಲಸಬೇಕು. ಹೋಳಿಗೆಯ ಕಣಕದಷ್ಟು ಸಡಿಲವೂ ಆಗಬಾರದು, ಪೂರಿ ಹಿಟ್ಟಿನಷ್ಟು ಗಟ್ಟಿಯೂ ಆಗಬಾರದು. ಹೋಳಿಗೆಯ ಕಣಕವನ್ನು ಎಷ್ಟು ನಾದಿದರೂ ಒಳ್ಳೆಯದೇ. ಪಫ್‌ನ ಕಣಕವನ್ನು ಹಾಗೆ ನಾದಬಾರದು. ಹೆಚ್ಚು ನಾದಿದರೆ ಹಿಟ್ಟಿನ ಜಿಗಿ ಬಲಗೊಂಡು, ಲಟ್ಟಿಸಿದಷ್ಟೂ ಹಿಂದಕ್ಕೆ ಕುಗ್ಗುತ್ತದೆ. ಎಲ್ಲವೂ ಒಂದುಗೂಡಿದ ಕೂಡಲೇ ಮುಚ್ಚಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಬೇಕು.

ಬೆಣ್ಣೆಯನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಲಟ್ಟಣಿಗೆಯಿಂದ ತಟ್ಟಿ, ಸುಮಾರು 15 ಸೆಂಟಿಮೀಟರ್ ಚೌಕದ ಹಲಗೆಯಾಗಿಸಬೇಕು. ಅದು ಬಾಗಬೇಕು, ಆದರೆ ಬಿರಿಯಬಾರದು. ಒತ್ತಿದರೆ ಬೆರಳಿನ ಗುರುತು ಮೂಡಬೇಕು, ಆದರೆ ಬೆರಳಿಗೆ ಅಂಟಬಾರದು. ಈ ಸ್ಥಿತಿ ಸುಮಾರು 14ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ದೊರೆಯುತ್ತದೆ. ತೀರ ಗಟ್ಟಿಯಿದ್ದರೆ ಲಟ್ಟಿಸುವಾಗ ಒಳಗೇ ಚೂರಾಗುತ್ತದೆ. ಇಪ್ಪತ್ತು ಡಿಗ್ರಿ ದಾಟಿದರೆ ಮೆತ್ತಗಾಗಿ ಅಂಚಿನಿಂದ ಹೊರಬರುತ್ತದೆ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಅಡುಗೆಮನೆಯ ಉಷ್ಣತೆ ಇದರ ಎರಡು ಪಟ್ಟಿಗಿಂತಲೂ ಹೆಚ್ಚಿರುತ್ತದೆ ಎಂಬುದನ್ನು ಗಮನಿಸಿದರೆ, ಮಡಿಕೇರಿಯಲ್ಲಿ ಗೆದ್ದ ಘಟಕದ ವಿಧಾನವನ್ನು ಬಯಲುಸೀಮೆಗೆ ಯಥಾವತ್ತಾಗಿ ಒಯ್ಯಲು ಬಾರದೆಂಬುದು ಸ್ಪಷ್ಟ. ಬಿಸಿ ಪ್ರದೇಶದಲ್ಲಿ ಈ ಕೆಲಸವನ್ನು ಬೆಳಗಿನ ಜಾವವೇ ಮುಗಿಸಬೇಕು. ಮಣೆಯ ಬದಲು ಕಡಪ ಕಲ್ಲಿನ ಹಾಸು ಉತ್ತಮ. ಅದರ ಮೇಲೆ ಐಸ್ ತುಂಬಿದ ಸ್ಟೀಲ್ ತಟ್ಟೆಯನ್ನು ಹತ್ತು ನಿಮಿಷ ಇಟ್ಟು, ತೆಗೆದು, ಒರೆಸಿ ಬಳಸಬಹುದು.

ಮನೆಯಲ್ಲಿ ಕಡೆದ ಬೆಣ್ಣೆಯನ್ನು ಬಳಸಬಹುದೇ ಎಂಬ ಪ್ರಶ್ನೆ ಹೈನುಗಾರಿಕೆ ಇರುವ ಹಳ್ಳಿಗಳಲ್ಲಿ ಸಹಜವಾಗಿ ಏಳುತ್ತದೆ. ಬಳಸಬಹುದು. ಆದರೆ ಮಾರುಕಟ್ಟೆಯ ಬೆಣ್ಣೆಯಲ್ಲಿ ಕನಿಷ್ಠ ಶೇಕಡ 80ರಷ್ಟು ಹಾಲಿನ ಕೊಬ್ಬು ಇರಬೇಕೆಂಬ ನಿಯಮವಿದೆ. ಮನೆಯ ಬೆಣ್ಣೆಯಲ್ಲಿ ಮಜ್ಜಿಗೆಯ ಅಂಶ ಹೆಚ್ಚು ಉಳಿದಿರುತ್ತದೆ. ಅದನ್ನು ತಣ್ಣೀರಿನಲ್ಲಿ ಹಲವು ಬಾರಿ ತೊಳೆದು, ಹಿಂಡಿ, ನೀರು ತೊಟ್ಟಿಕ್ಕದಂತಾದ ಮೇಲೆ ಗಟ್ಟಿಯಾಗಿಸಬೇಕು. ತುಪ್ಪ ಇದಕ್ಕೆ ಒಗ್ಗದು. ಫ್ರಿಜ್‌ನಲ್ಲಿಟ್ಟ ತುಪ್ಪ ಬಾಗುವುದಿಲ್ಲ, ಪುಡಿಯಾಗುತ್ತದೆ, ಹೊರಗಿಟ್ಟದ್ದು ಹರಿಯುತ್ತದೆ.

ಹೆಚ್ಚಿನ ಬೇಕರಿಗಳು ಬೆಣ್ಣೆಯ ಬದಲು ಪಫ್‌ಗೆಂದೇ ತಯಾರಾದ ಮಾರ್ಗರಿನ್ ಅಥವಾ ವನಸ್ಪತಿಯನ್ನು ಬಳಸುತ್ತವೆ. ಅದು ಬೇಗ ಕರಗುವುದಿಲ್ಲವಾದ್ದರಿಂದ ಕೆಲಸ ಸುಲಭ, ಬೆಲೆಯೂ ಕಡಿಮೆ. ಬಾಯಲ್ಲಿ ಕರಗದೆ ಅಂಗುಳಿಗೆ ಮೇಣದಂತೆ ಅಂಟುವುದು ಅದರ ದೋಷ. ಎಣ್ಣೆ ಮತ್ತು ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬಿನಾಮ್ಲ ಶೇಕಡ 2ನ್ನು ಮೀರಬಾರದೆಂಬ ನಿಯಮ 2022ರ ಜನವರಿ 1ರಿಂದ ದೇಶದಲ್ಲಿ ಜಾರಿಯಲ್ಲಿದೆ. ಆದ್ದರಿಂದ ಹೆಸರಿಲ್ಲದ ಡಬ್ಬಿಯಲ್ಲಿ ಬಿಡಿಯಾಗಿ ಮಾರುವ ವನಸ್ಪತಿಯನ್ನು ಯಾವ ಸಂಘವೂ ಕೊಳ್ಳಬಾರದು. ಸಂಘದವರು ಮಾರ್ಗರಿನ್ ಬಳಸಿದರೆ ತಪ್ಪೇನೂ ಇಲ್ಲ. ಅದನ್ನು ಬೆಣ್ಣೆಯ ಪಫ್ ಎಂದು ಮಾರಿದರೆ ಮಾತ್ರ ತಪ್ಪು.

ಬೆಣ್ಣೆಯ ಹಲಗೆಯನ್ನು ಲಟ್ಟಿಸಿದ ಕಣಕದ ನಡುವೆ ಇಟ್ಟು, ನಾಲ್ಕು ಮೂಲೆಗಳನ್ನೂ ಲಕೋಟೆಯಂತೆ ಮಡಿಸಿ ಮುಚ್ಚಬೇಕು. ಬಳಿಕ ಒಂದೇ ದಿಕ್ಕಿನಲ್ಲಿ, ಅಗಲದ ಮೂರರಷ್ಟು ಉದ್ದಕ್ಕೆ ಲಟ್ಟಿಸಿ, ಸರ್ಕಾರಿ ಪತ್ರವನ್ನು ಲಕೋಟೆಗೆ ಹಾಕುವ ಮುನ್ನ ಮಡಿಸುವಂತೆ ಮೂರು ಮಡಿಕೆ ಮಾಡಬೇಕು. ಕಾಲು ಸುತ್ತು ತಿರುಗಿಸಿ ಮತ್ತೊಮ್ಮೆ ಹಾಗೆಯೇ ಲಟ್ಟಿಸಿ ಮಡಿಸಬೇಕು. ಎರಡು ಮಡಿಕೆಯ ನಂತರ ಅರ್ಧ ಗಂಟೆ ಫ್ರಿಜ್. ಹೀಗೆ ಒಟ್ಟು ಆರು ಬಾರಿ ಮೂರು ಮಡಿಕೆ ಮಾಡಿದರೆ ಬೆಣ್ಣೆಯ ಪದರಗಳ ಸಂಖ್ಯೆ 729 ಆಗುತ್ತದೆ. ಐದಕ್ಕೆ ನಿಲ್ಲಿಸಿದರೆ 243. ಬೇಸಿಗೆಯಲ್ಲಿ ಐದಕ್ಕೇ ನಿಲ್ಲಿಸುವುದು ಜಾಣತನ. ಪದರ ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆ ಸರಿಯಲ್ಲ. ಮಿತಿಮೀರಿದರೆ ಬೆಣ್ಣೆಯ ಎಳೆ ತೆಳುವಾಗಿ ಹರಿದು, ಪಟ್ಟ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಲಟ್ಟಿಸುವಾಗ ಬೆಣ್ಣೆ ಇಣುಕಿದರೆ ಅಲ್ಲಿಗೆ ಮೈದಾ ಉದುರಿಸಿ, ತಕ್ಷಣ ಫ್ರಿಜ್‌ಗೆ ಮರಳಿಸಬೇಕು. ಇನ್ನೊಂದೇ ಮಡಿಕೆ ಮುಗಿಸಿಬಿಡೋಣ ಎಂಬ ಆತುರದಿಂದ ಕೆಡುವ ಕಣಕವೇ ಹೆಚ್ಚು.

ಹೂರಣ

ಅನಾನಸ್‌ನಲ್ಲಿ ತೂಕದ ಸುಮಾರು ಶೇಕಡ 86ರಷ್ಟು, ಮಾವಿನಲ್ಲಿ ಸುಮಾರು 83ರಷ್ಟು, ಬಾಳೆಯಲ್ಲಿ ಸುಮಾರು 75ರಷ್ಟು ನೀರೇ ಇರುತ್ತದೆ. ಹಸಿಹಣ್ಣನ್ನು ಹೆಚ್ಚಿ ಸಕ್ಕರೆ ಬೆರೆಸಿ ಕಣಕದೊಳಗಿಟ್ಟರೆ, ಸಕ್ಕರೆಯು ಹಣ್ಣಿನ ನೀರನ್ನು ಹೊರಕ್ಕೆ ಎಳೆದು ಕೆಳಪದರವನ್ನು ತೋಯಿಸುತ್ತದೆ. ಮೇಲ್ಭಾಗ ಉಬ್ಬಿ ಚಿನ್ನದ ಬಣ್ಣಕ್ಕೆ ಬಂದಿದ್ದರೂ ತಳ ಹಸಿ ಹಿಟ್ಟಾಗಿಯೇ ಉಳಿಯುತ್ತದೆ. ತರಬೇತಿಯ ಪ್ರದರ್ಶನದ ದಿನ ಬಿಸಿಬಿಸಿಯಾಗಿ ತಿಂದವರಿಗೆ ಇದು ಗೊತ್ತಾಗುವುದಿಲ್ಲ. ಸಂಜೆ ಅಂಗಡಿಯಲ್ಲಿ ಕೊಂಡವರಿಗೆ ಗೊತ್ತಾಗುತ್ತದೆ.

ಆದ್ದರಿಂದ ಹೂರಣವನ್ನು ಬೇಯಿಸಿಯೇ ಬಳಸಬೇಕು. ಸಿಪ್ಪೆ, ಕಣ್ಣು, ನಡುದಿಂಡು ತೆಗೆದ ಅನಾನಸ್ 500 ಗ್ರಾಂ ತೆಗೆದುಕೊಂಡು ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿ, 100 ಗ್ರಾಂ ಸಕ್ಕರೆಯೊಂದಿಗೆ ಅಗಲ ಬಾಯಿಯ ಬಾಣಲೆಯಲ್ಲಿ ಮಧ್ಯಮ ಉರಿಯಲ್ಲಿ ಬೇಯಿಸಬೇಕು. ನೀರು ಬಹುಪಾಲು ಇಂಗಿದ ಮೇಲೆ, ಎರಡು ಚಮಚ ನೀರಿನಲ್ಲಿ ಕದಡಿದ 10 ಗ್ರಾಂ ಜೋಳದ ಗಂಜಿಪುಡಿಯನ್ನು (ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ಕೇಳಬೇಕು) ಹಾಕಿ, ಎರಡು ನಿಮಿಷ ಕುದಿಸಿ, ಕೊನೆಗೆ ನಿಂಬೆರಸ, ಏಲಕ್ಕಿ ಸೇರಿಸಬೇಕು. ಮೊದಲು 600 ಗ್ರಾಂ ಇದ್ದದ್ದು ಸುಮಾರು 300 ಗ್ರಾಂಗೆ ಇಳಿದಿರಬೇಕು. ಹೀಗಾಗಿ ತಕ್ಕಡಿಯೇ ಇಲ್ಲಿ ಒಳ್ಳೆಯ ಪರೀಕ್ಷಕ. ತಕ್ಕಡಿ ಇಲ್ಲದಿದ್ದರೆ ಮತ್ತೊಂದು ಉಪಾಯವಿದೆ. ಆರಿದ ಹೂರಣವನ್ನು ಒಂದು ಚಮಚದಷ್ಟು ಸ್ಟೀಲ್ ತಟ್ಟೆಯ ಮೇಲಿಟ್ಟು ಹತ್ತು ನಿಮಿಷ ಬಿಟ್ಟು ನೋಡಬೇಕು. ಸುತ್ತಲೂ ನೀರಿನ ಉಂಗುರ ಮೂಡಿದರೆ ಅದು ಇನ್ನೂ ಸಿದ್ಧವಾಗಿಲ್ಲ. ಘಟಕಕ್ಕೆ ಭೇಟಿ ನೀಡುವ ಸದಸ್ಯರು ಯಾವ ಉಪಕರಣವೂ ಇಲ್ಲದೆ ಮಾಡಬಹುದಾದ ಪರೀಕ್ಷೆ ಇದು.

ಹೂರಣ ಪೂರ್ತಿ ತಣ್ಣಗಾಗದೆ ತುಂಬಬಾರದು. ಬಿಸಿ ಹೂರಣ ಬೆಣ್ಣೆಯನ್ನು ಕರಗಿಸುತ್ತದೆ. ತುಂಬುವ ಮುನ್ನ ಕಣಕದ ಮೇಲೆ ಅರ್ಧ ಚಮಚ ಹುರಿದ ಸಣ್ಣ ರವೆ ಅಥವಾ ಬಿಸ್ಕತ್ತಿನ ಪುಡಿ ಉದುರಿಸಿದರೆ ಉಳಿದ ಅಲ್ಪ ತೇವವನ್ನೂ ಅದು ಹೀರಿಕೊಳ್ಳುತ್ತದೆ.

ಹಣ್ಣಿಗೆ ತಕ್ಕಂತೆ ವಿಧಾನ ಬದಲಾಗುತ್ತದೆ. ಬನವಾಸಿ, ಸೊರಬ, ಸಾಗರದ ಕಡೆ ಬೆಳೆಯುವ ಅನಾನಸ್ ಹುಳಿ ಸಿಹಿ ಎರಡೂ ಇರುವುದರಿಂದ ಬೆಣ್ಣೆಯ ಜಿಡ್ಡಿಗೆ ಚೆನ್ನಾಗಿ ಹೊಂದುತ್ತದೆ. ಮೊದಲು ಕಲಿಯುವವರಿಗೆ ಇದಕ್ಕಿಂತ ಅನುಕೂಲವಾದ ಹಣ್ಣಿಲ್ಲ. ಮಾವಿನಲ್ಲಿ ತೋತಾಪುರಿ ಬೇಯಿಸಲು ಯೋಗ್ಯ, ಬೆಲೆಯೂ ಅಗ್ಗ. ಬಾದಾಮಿ ಮಾವಿನ ಪರಿಮಳ ಬೇಯಿಸಿದಾಗ ಬಹುಪಾಲು ಹಾರಿಹೋಗುವುದರಿಂದ ಅದನ್ನು ಹಾಗೆಯೇ ತಿನ್ನುವುದು ಲೇಸು. ಹಲಸಿನ ತೊಳೆಯನ್ನು ಸಣ್ಣಗೆ ಹೆಚ್ಚಿ ಬೆಲ್ಲ, ತೆಂಗಿನ ತುರಿಯೊಂದಿಗೆ ಗಟ್ಟಿಯಾಗಿ ಬೇಯಿಸಿದರೆ ಬಹಳ ಸೊಗಸು. ಆದರೆ ಬೆಲ್ಲ ಮೊದಲು ನೀರಾಗುತ್ತದೆ, ಬಳಿಕ ಪಾಕಕ್ಕೆ ಬರುತ್ತದೆ ಎಂಬುದನ್ನು ಮರೆಯಬಾರದು. ಬಾಳೆಹಣ್ಣನ್ನು ಹೆಚ್ಚು ಹೊತ್ತು ಬೇಯಿಸಬೇಕಾಗಿಲ್ಲ. ನೇಂದ್ರ ಬಾಳೆಯನ್ನು ತುಪ್ಪದಲ್ಲಿ ಬಾಡಿಸಿ, ಕಪ್ಪಾಗದಂತೆ ನಿಂಬೆರಸ ಹಿಂಡಿದರೆ ಸಾಕು. ಸೀಬೆಯನ್ನು ಬೇಯಿಸಿ ಜರಡಿಯಲ್ಲಿ ಸೋಸಿ ಬೀಜ ತೆಗೆಯಬೇಕು. ಸಪೋಟ ಬೇಯಿಸಿದಾಗ ಮರಳುಮರಳಾಗುವುದರಿಂದ ಈ ಕೆಲಸಕ್ಕೆ ಅಷ್ಟಾಗಿ ಒದಗದು. ಕಲ್ಲಂಗಡಿ ಬಗ್ಗೆ ಹೇಳಬೇಕಾದ್ದೇ ಇಲ್ಲ.

ಬೇಯಿಸುವುದು

ವಿಶ್ರಾಂತಿ ಪಡೆದ ಕಣಕವನ್ನು ಸುಮಾರು 4 ಮಿಲಿಮೀಟರ್ ದಪ್ಪಕ್ಕೆ, 30 ಸೆಂಟಿಮೀಟರ್ ಅಗಲ ಮತ್ತು 40 ಸೆಂಟಿಮೀಟರ್ ಉದ್ದಕ್ಕೆ ಲಟ್ಟಿಸಿದರೆ 10 ಸೆಂಟಿಮೀಟರ್‌ನ ಹನ್ನೆರಡು ಚೌಕಗಳು ದೊರೆಯುತ್ತವೆ. ಹರಿತವಾದ ಚಾಕುವಿನಿಂದ ನೇರವಾಗಿ ಮೇಲಿನಿಂದ ಒತ್ತಿ ಕತ್ತರಿಸಬೇಕು; ಎಳೆದು ಕತ್ತರಿಸಿದರೆ ಅಂಚಿನ ಪದರಗಳು ಅಂಟಿಕೊಂಡು ಉಬ್ಬುವುದಿಲ್ಲ. ಪ್ರತಿ ಚೌಕಕ್ಕೆ 25 ಗ್ರಾಂ ಹೂರಣ ಇಟ್ಟು, ಅಂಚಿಗೆ ನೀರು ಸವರಿ, ತ್ರಿಕೋನವಾಗಿ ಮಡಿಸಿ ಒತ್ತಬೇಕು. ಹೂರಣ ಹೆಚ್ಚು ತುಂಬುವುದು ಔದಾರ್ಯವಲ್ಲ. ಅದು ಒಡೆದು ಟ್ರೇ ಮೇಲೆ ಹರಿದು ಸೀಯುತ್ತದೆ. ಆವಿ ಹೋಗಲು ಮೇಲೆ ಎರಡು ಸಣ್ಣ ಗೀರು ಹಾಕಿ, ಹಾಲು ಸವರಿ, ಇಪ್ಪತ್ತು ನಿಮಿಷ ಮತ್ತೆ ಫ್ರಿಜ್‌ನಲ್ಲಿಡಬೇಕು. ಕತ್ತರಿಸಿದ ಅಂಚಿಗೆ ಹಾಲು ತಾಗಬಾರದು. ಹೊಳಪಿಗಾಗಿ ಮೊಟ್ಟೆ ಸವರುವ ಪದ್ಧತಿಯೂ ಉಂಟು. ಆದರೆ ಮೊಟ್ಟೆ ಬಳಸಿದ ತಿನಿಸಿನ ಪೊಟ್ಟಣಕ್ಕೆ ಸಸ್ಯಾಹಾರದ ಹಸಿರು ಗುರುತು ಹಾಕುವಂತಿಲ್ಲ.

ಓವನ್ ಅನ್ನು ಹದಿನೈದು ನಿಮಿಷ ಮೊದಲೇ ಕಾಯಿಸಿ, 210 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ, ಬಳಿಕ 180ಕ್ಕೆ ಇಳಿಸಿ ಐದರಿಂದ ಎಂಟು ನಿಮಿಷ ಬೇಯಿಸಬೇಕು. ಮೊದಲ ಹದಿನೈದು ನಿಮಿಷ ಬಾಗಿಲು ತೆರೆಯಬಾರದು. ಕಾಯದ ಓವನ್ನಿಗೆ ಇಟ್ಟರೆ ಆವಿ ಏಳುವ ಮೊದಲೇ ಬೆಣ್ಣೆ ಹರಿದುಹೋಗಿ, ಪಫ್ ತನ್ನದೇ ಬೆಣ್ಣೆಯಲ್ಲಿ ಮುಳುಗುತ್ತದೆ. ತಳ ಗಟ್ಟಿಯಾಗಿ ಕಂದು ಬಣ್ಣಕ್ಕೆ ಬಂದಿದ್ದರೆ ಮಾತ್ರ ಬೆಂದಿದೆ ಎಂದರ್ಥ. ಮೇಲಿನ ಬಣ್ಣವನ್ನು ನಂಬಬಾರದು.

ವಿದ್ಯುತ್ ಪೂರೈಕೆಯ ಪ್ರಶ್ನೆ ಇಲ್ಲಿಯೇ ಎದುರಾಗುತ್ತದೆ. ಮನೆಬಳಕೆಯ ಸಣ್ಣ ಓವನ್ ಒಂದೂವರೆಯಿಂದ ಎರಡು ಕಿಲೋವ್ಯಾಟ್ ಎಳೆಯುತ್ತದೆ. ಸಾಮಾನ್ಯ ಸಿಂಗಲ್ ಫೇಸ್ ಸಂಪರ್ಕ ಇದಕ್ಕೆ ಸಾಕು, ಆದರೆ ತಂತಿ ಮತ್ತು ಪ್ಲಗ್ 16 ಆಂಪಿಯರ್‌ನವು ಆಗಿರಬೇಕು. ಬೇಯುವ ಮೊದಲ ಹತ್ತು ನಿಮಿಷದಲ್ಲಿ ವಿದ್ಯುತ್ ಹೋದರೆ ಆ ಟ್ರೇ ಪೂರ್ತಿ ನಷ್ಟ. ಫ್ರಿಜ್ ನಾಲ್ಕು ಗಂಟೆ ನಿಂತರೆ ಕಣಕವೂ ನಷ್ಟ. ನಿರಂತರ ಜ್ಯೋತಿ ಯೋಜನೆಯಡಿ ಮನೆಗಳ ಫೀಡರ್ ಮತ್ತು ಪಂಪ್‌ಸೆಟ್ ಫೀಡರ್ ಪ್ರತ್ಯೇಕಗೊಂಡಿರುವ ಗ್ರಾಮಗಳಲ್ಲಿ ಈ ಅಪಾಯ ಕಡಿಮೆ. ತೋಟದ ಮನೆಗಳಲ್ಲಿ ಪರಿಸ್ಥಿತಿ ಬೇರೆ ಇರಬಹುದು. ಪ್ರಸ್ತಾವನೆಯಲ್ಲಿ ದೊಡ್ಡ ಓವನ್ ಕಂಡ ಸದಸ್ಯರು ಮೊದಲು ಕೇಳಬೇಕಾದ ಪ್ರಶ್ನೆ ಫ್ರಿಜ್ ಎಲ್ಲಿದೆ, ಅದಕ್ಕೆ ದಿನಕ್ಕೆ ಎಷ್ಟು ಗಂಟೆ ವಿದ್ಯುತ್ ದೊರೆಯುತ್ತದೆ ಎಂಬುದು. ಒಂದು ಸಣ್ಣ ಓವನ್, ಒಂದು ಒಳ್ಳೆಯ ಫ್ರಿಜ್, ಒಂದು ತಕ್ಕಡಿ ಇದ್ದರೆ ಕಲಿಕೆ ಆರಂಭವಾಗುತ್ತದೆ. ಮೂರು ತಿಂಗಳು ಹೀಗೆ ತಯಾರಿಸಿ ಮಾರಿದ ಲೆಕ್ಕದ ಪುಸ್ತಕವಿಲ್ಲದೆ ಲಕ್ಷಾಂತರ ರೂಪಾಯಿಯ ಓವನ್ನಿಗೆ ಶಿಫಾರಸು ಮಾಡುವುದು ಸಂಘಕ್ಕೆ ಮಾಡುವ ಉಪಕಾರವಲ್ಲ.

ಲೆಕ್ಕ

ಈ ಕೆಳಗಿನ ದರಗಳು ಉದಾಹರಣೆಗಾಗಿ ಇಟ್ಟುಕೊಂಡವು. ಆಯಾ ಊರಿನ ದರ ಹಾಕಿ ಮತ್ತೆ ಲೆಕ್ಕ ಮಾಡಬೇಕು. ಹನ್ನೆರಡು ಪಫ್‌ಗೆ ಮೈದಾ 12 ರೂಪಾಯಿ, ಬೆಣ್ಣೆ 200 ಗ್ರಾಂಗೆ 120, ಒಂದು ಕಿಲೋ ಇಡೀ ಅನಾನಸ್ 30, ಸಕ್ಕರೆ 5, ನಿಂಬೆ, ಹಾಲು, ಏಲಕ್ಕಿ ಮೊದಲಾದವು 8, ವಿದ್ಯುತ್ 10, ಕಾಗದದ ಪೊಟ್ಟಣ 15: ಒಟ್ಟು 200 ರೂಪಾಯಿ. ಇದರಲ್ಲಿ ಬೆಣ್ಣೆಯ ಪಾಲೇ ಶೇಕಡ 60. ಇಬ್ಬರು ಮಹಿಳೆಯರು ಒಂದು ಬೆಳಿಗ್ಗೆ ನಾಲ್ಕು ಬಾರಿಯ ಪ್ರಮಾಣ, ಅಂದರೆ 48 ಪಫ್ ತಯಾರಿಸುತ್ತಾರೆಂದು ಭಾವಿಸಿದರೆ ಸಾಮಗ್ರಿಗೆ 800 ರೂಪಾಯಿ. ಇಬ್ಬರ ಅರ್ಧ ದಿನದ ಕೂಲಿಯನ್ನು, 2025-26ರ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿಯ ಆಧಾರದಲ್ಲಿ, ತಲಾ 185ರಂತೆ ಸೇರಿಸಿದರೆ ಒಟ್ಟು 1,170. ಒಂದಕ್ಕೆ 24 ರೂಪಾಯಿ 38 ಪೈಸೆ ಬೀಳುತ್ತದೆ. 30 ರೂಪಾಯಿಗೆ ಮಾರಿದರೆ 48ಕ್ಕೆ 1,440 ರೂಪಾಯಿ ಬಂದು 270 ಉಳಿಯುತ್ತದೆ. ಆರು ಪಫ್ ಉಳಿದುಹೋದರೆ ಲಾಭ 90ಕ್ಕೆ ಇಳಿಯುತ್ತದೆ. ಒಂಬತ್ತು ಉಳಿದುಹೋದರೆ ಲಾಭ ಸೊನ್ನೆ.

ಹಲವು ಪ್ರಸ್ತಾವನೆಗಳಲ್ಲಿ ಕೂಲಿಯ ಸಾಲೇ ಇರುವುದಿಲ್ಲ. ಮನೆಯ ಹೆಂಗಸರು ಮಾಡುವ ಕೆಲಸಕ್ಕೆ ಕೂಲಿ ಎಂಥದು ಎಂಬ ಭಾವನೆ ಅದರ ಹಿಂದಿದೆ. ಕೂಲಿ ಬಿಟ್ಟು ಲೆಕ್ಕ ಹಾಕಿದಾಗ ಮೇಲಿನ ಘಟಕ ದಿನಕ್ಕೆ 640 ರೂಪಾಯಿ ಲಾಭದಂತೆ ತೋರುತ್ತದೆ. ಅದನ್ನು ನಂಬಿ ಸಾಲದ ಕಂತು ನಿಗದಿಯಾದರೆ ಕಂತು ಹೋಗುವುದು ಆ ಮಹಿಳೆಯರ ದುಡಿಮೆಯಿಂದಲೇ. ಸದಸ್ಯರು ಕೂಲಿಯ ಸಾಲನ್ನು ಬರೆಯಿಸಲೇಬೇಕು.

ಪಕ್ಕದ ಬೇಕರಿಯಲ್ಲಿ ವನಸ್ಪತಿಯ ಪಫ್ 20 ರೂಪಾಯಿಗೆ ದೊರೆಯುವ ಊರಿನಲ್ಲಿ 30 ರೂಪಾಯಿಯ ಪಫ್ ನಿತ್ಯ ಮಾರಾಟವಾಗುವುದು ಕಷ್ಟ. ವಾರದ ಸಂತೆ, ಜಾತ್ರೆ, ಪ್ರವಾಸಿಗರು ಬರುವ ಸ್ಥಳ, ಹೋಂಸ್ಟೇ, ನಿಶ್ಚಿತಾರ್ಥ ಮತ್ತು ಹುಟ್ಟುಹಬ್ಬದ ಮುಂಗಡ ಬೇಡಿಕೆ ಇವುಗಳ ಸುತ್ತ ಯೋಜನೆ ರೂಪಿಸಬೇಕು. ಎಷ್ಟು ಬೇಡಿಕೆಯೋ ಅಷ್ಟೇ ಬೇಯಿಸುವುದು ಇಲ್ಲಿ ಸಾಧ್ಯ. ಮಡಿಸಿ ಹೂರಣ ತುಂಬಿದ ಹಸಿ ಪಫ್ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಕೆಲವು ವಾರ ಉಳಿಯುತ್ತದೆ. ಬೇಯಿಸಿದ ಮೇಲೆ ಅದರ ಆಯುಷ್ಯ ಒಂದು ದಿನ. ಬಿಸಿಯಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಒಂದು ಗಂಟೆಯೂ ಗರಿಗರಿಯಾಗಿ ಉಳಿಯದು.

ಬೆಳೆಯ ಬೆಲೆ ಕುಸಿತಕ್ಕೆ ಇದು ಪರಿಹಾರವೇ?

2025ರ ಬೇಸಿಗೆಯ ಕೊನೆಯಲ್ಲಿ ತೋತಾಪುರಿ ಮಾವಿನ ಬೆಲೆ ಕುಸಿದು ಕೋಲಾರದ ಕಡೆಯ ಬೆಳೆಗಾರರು ಹಣ್ಣನ್ನು ರಸ್ತೆಗೆ ಸುರಿದರು. ಕ್ವಿಂಟಾಲಿಗೆ 1,616 ರೂಪಾಯಿಯ ಆಧಾರದಲ್ಲಿ ಬೆಲೆ ವ್ಯತ್ಯಾಸ ಪಾವತಿಗೆ ಕೇಂದ್ರ ಸರ್ಕಾರ ಒಪ್ಪಬೇಕಾಯಿತು. ಇಂತಹ ಸಂದರ್ಭದಲ್ಲಿ, ಹಣ್ಣು ಕೊಳೆಯುವ ಬದಲು ಸಂಘದವರು ತಿನಿಸು ಮಾಡಿ ಮಾರಲಿ ಎಂಬ ಸಲಹೆ ಗ್ರಾಮಸಭೆಯಲ್ಲಿ ಕೇಳಿಬರುವುದು ಸಹಜ. ಸಲಹೆಯ ಹಿಂದಿನ ಕಾಳಜಿ ಸರಿಯಾದದ್ದು, ಲೆಕ್ಕ ಸರಿಯಲ್ಲ. ದಿನಕ್ಕೆ 48 ಪಫ್‌ಗೆ ಇಡೀ ಹಣ್ಣು ನಾಲ್ಕು ಕಿಲೋ ಸಾಕು. ತಿಂಗಳಿಗೆ 25 ದಿನ ದುಡಿದರೂ ಖರ್ಚಾಗುವುದು ಒಂದು ಕ್ವಿಂಟಾಲ್ ಮಾತ್ರ. ಒಂದೇ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಮಂಡಿಗೆ ಹೋಗುವ ಹಣ್ಣನ್ನು ಮುಗಿಸಲು ಈ ಘಟಕಕ್ಕೆ ಒಂದು ವರ್ಷವೂ ಸಾಲದು. ಬೆಳೆಗಾರರಿಗೆ ಬೇಕಾದದ್ದು ತಿರುಳು ಕಾರ್ಖಾನೆ, ಶೀತಲ ಸಂಗ್ರಹ ಮತ್ತು ಬೆಲೆಯ ಭರವಸೆ. ಪಫ್ ಘಟಕ ಇಬ್ಬರು ಮೂವರು ಮಹಿಳೆಯರಿಗೆ ಸಾಧಾರಣ ಆದಾಯ ತರಬಲ್ಲದು. ಈ ಎರಡು ವಿಷಯಗಳನ್ನು ಒಂದೇ ಠರಾವಿನಲ್ಲಿ ಬೆಸೆದರೆ ಎರಡೂ ಕೆಡುತ್ತವೆ.

ಸುಗ್ಗಿಯ ಹಣ್ಣನ್ನು ಮುಂದಿನ ತಿಂಗಳುಗಳಿಗೆ ಉಳಿಸಿಕೊಳ್ಳುವ ಅವಕಾಶವಂತೂ ಇದೆ. ಕರಗಿದ ಘನಾಂಶ ಕನಿಷ್ಠ ಶೇಕಡ 65 ಇರುವಂತೆ ಸಕ್ಕರೆ ಹಾಕಿ ಕಾಯಿಸಿದ ಜಾಮ್ ಅನ್ನು ಕುದಿನೀರಿನಲ್ಲಿ ಶುದ್ಧಗೊಳಿಸಿದ ಗಾಜಿನ ಶೀಶೆಯಲ್ಲಿ ತಿಂಗಳುಗಟ್ಟಲೆ ಇಡಬಹುದು. ಈ ಪಾಠದಲ್ಲಿ ಹೇಳಿದ ಕಡಿಮೆ ಸಕ್ಕರೆಯ ಹೂರಣ ಫ್ರಿಜ್‌ನಲ್ಲಿಯೂ ಮೂರು ದಿನಕ್ಕಿಂತ ಹೆಚ್ಚು ಇಡತಕ್ಕದ್ದಲ್ಲ.

ನೋಂದಣಿ ಮತ್ತು ನೆರವು

ಮನೆಯ ಅಡುಗೆಮನೆಯಲ್ಲಿ ತಯಾರಿಸಿ ಮಾರಿದರೂ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ನೋಂದಣಿ ಕಡ್ಡಾಯ. ಸಣ್ಣ ತಯಾರಕರಿಗೆ ಇದು ಫಾಸ್ಕಾಸ್ ಜಾಲತಾಣದ ಮೂಲಕ ದೊರೆಯುವ ಸರಳ ನೋಂದಣಿ. ಪೊಟ್ಟಣದ ಮೇಲೆ ಹದಿನಾಲ್ಕು ಅಂಕಿಯ ನೋಂದಣಿ ಸಂಖ್ಯೆ, ಸಾಮಗ್ರಿಗಳ ಪಟ್ಟಿ, ನಿವ್ವಳ ತೂಕ, ತಯಾರಿಸಿದ ದಿನ, ಬಳಸಬಹುದಾದ ಕೊನೆಯ ದಿನ, ತಯಾರಕರ ವಿಳಾಸ ಮತ್ತು ಸಸ್ಯಾಹಾರದ ಗುರುತು ಇರಬೇಕು. ಅರ್ಜಿ ತುಂಬುವಲ್ಲಿ ಗ್ರಾಮ ಒನ್ ಕೇಂದ್ರ ಅಥವಾ ಪಂಚಾಯತಿಯ ಗಣಕಯಂತ್ರ ಸಹಾಯಕರ ನೆರವು ದೊರಕಿಸಿದರೆ, ಮಧ್ಯವರ್ತಿಗೆ ತೆರುವ ಹಣ ಸಂಘಕ್ಕೆ ಉಳಿಯುತ್ತದೆ.

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ಅರ್ಹ ಯೋಜನಾ ವೆಚ್ಚದ ಶೇಕಡ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಾಲ ಸಂಪರ್ಕಿತ ಸಹಾಯಧನವಿದ್ದು, ರಾಜ್ಯ ಸರ್ಕಾರ ಅದಕ್ಕೆ ಶೇಕಡ 15 ಸೇರಿಸಿದೆ. ಆಹಾರ ಸಂಸ್ಕರಣೆಯಲ್ಲಿ ತೊಡಗಿದ ಸ್ವಸಹಾಯ ಸಂಘದ ಸದಸ್ಯೆಗೆ 40,000 ರೂಪಾಯಿವರೆಗೆ ಬೀಜ ಬಂಡವಾಳಕ್ಕೂ ಅವಕಾಶ ಕಲ್ಪಿಸಲಾಗಿತ್ತು. ಸಣ್ಣ ಓವನ್, ತಕ್ಕಡಿಗಳಿಗೆ ಅದು ಹೆಚ್ಚು ಒಪ್ಪುವ ನೆರವು. ಅರ್ಜಿ ಸಲ್ಲಿಸುವ ವರ್ಷದಲ್ಲಿ ಚಾಲ್ತಿಯಲ್ಲಿರುವ ಮಾರ್ಗಸೂಚಿಯನ್ನು ಜಿಲ್ಲಾ ಸಂಪನ್ಮೂಲ ವ್ಯಕ್ತಿಯಿಂದ ಖಚಿತಪಡಿಸಿಕೊಂಡ ಬಳಿಕವೇ ಸಂಘಕ್ಕೆ ಮಾತು ಕೊಡುವುದು ಸೂಕ್ತ.

ತರಬೇತಿಗೆ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ವಿಭಾಗ, ಮೈಸೂರಿನಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಇವೆ. ಜಿಲ್ಲೆಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಊಟ, ವಸತಿಯೊಂದಿಗೆ ಉಚಿತ ತರಬೇತಿ ನೀಡುತ್ತವೆ. ತರಬೇತಿಗೆ ಹೆಸರು ಕಳುಹಿಸುವಾಗ ಸಂಘದ ಅಧ್ಯಕ್ಷೆಯನ್ನೇ ಕಳುಹಿಸುವ ರೂಢಿ ಇದೆ. ಬೆಳಗಿನ ಜಾವ ಐದಕ್ಕೆ ಎದ್ದು ಲಟ್ಟಣಿಗೆ ಹಿಡಿಯುವವರು ಬೇರೆ ಇರುತ್ತಾರೆ. ಹೋಗಬೇಕಾದವರು ಅವರು.

ಪಂಚಾಯತಿಯ ನೇರ ಹೊಣೆಗೆ ಬರುವ ಅಂಶಗಳಲ್ಲಿ ಮೊದಲನೆಯದು ನೀರು. ಕಣಕಕ್ಕೆ ಬಳಸುವ ನೀರು ಕುದಿಯುವುದಿಲ್ಲ, ನೇರವಾಗಿ ಹಿಟ್ಟಿಗೆ ಸೇರುತ್ತದೆ; ಪಾತ್ರೆ, ಕೈ, ಹಣ್ಣು ತೊಳೆಯುವುದೂ ಅದೇ ನೀರಿನಲ್ಲಿ. ಆದ್ದರಿಂದ ಘಟಕಕ್ಕೆ ವ್ಯಾಪಾರ ಪರವಾನಗಿ ನೀಡುವ ಮುನ್ನ ಅಲ್ಲಿಯ ನಲ್ಲಿನೀರನ್ನು ಜಲಜೀವನ್ ಮಿಷನ್ನಿನ ಕ್ಷೇತ್ರ ಪರೀಕ್ಷಾ ಕಿಟ್‌ನಿಂದ ಪರೀಕ್ಷಿಸಿ, ಫಲಿತಾಂಶವನ್ನು ಪರವಾನಗಿಯ ಕಡತದಲ್ಲಿರಿಸತಕ್ಕದ್ದು. ಎರಡನೆಯದು ಸಿಪ್ಪೆ. ಒಂದು ಕಿಲೋ ಅನಾನಸ್‌ನಲ್ಲಿ ಸುಮಾರು ಅರ್ಧ ಕಿಲೋ ಸಿಪ್ಪೆಯೇ ಹೋಗುವುದರಿಂದ ದಿನಕ್ಕೆ ಎರಡು ಕಿಲೋ ಹಸಿ ಕಸ ಬೀಳುತ್ತದೆ, ನೊಣ ಮುತ್ತುತ್ತದೆ. ಸ್ವಚ್ಛವಾಹಿನಿ ಆ ಬೀದಿಗೆ ವಾರದ ಯಾವ ಯಾವ ದಿನ ಬರುತ್ತದೆ ಎಂಬುದನ್ನು ನೋಡಿ, ಬಾರದ ದಿನಗಳಿಗೆ ಘಟಕದ ಹಿತ್ತಲಿನಲ್ಲಿ ಮುಚ್ಚಳವಿರುವ ಗೊಬ್ಬರದ ಗುಂಡಿ ತೋಡಿಸಿಕೊಡಬೇಕು.